ಅಲೆಯ ಅಳತೆಗೊಂದು ಕಡ್ಡಿ

ಮಕ್ಕಳೇ, ಸಾಲಾಗಿ ಕಾರು ನಿಲ್ಲಿಸಿರುವ ಕಡೆ ಹೋದಾಗ ಒಂದು ಕೆಲಸ ಮಾಡಿ. ಪ್ರತಿ ಕಾರಿನಲ್ಲೂ ರೇಡಿಯೊದ ಆಂಟೆನಾ ಎಲ್ಲಿದೆ ಎಂದು ಹುಡುಕಿ. ಕೆಲವಕ್ಕೆ ಉದ್ದನೆಯ ಲೋಹದ ಕಡ್ಡಿ, ಕೆಲವಕ್ಕೆ ಗೇಣುದ್ದದ ಕಪ್ಪು ಕಡ್ಡಿ, ಇನ್ನು ಕೆಲವಕ್ಕೆ ಶಾರ್ಕ್ ಮೀನಿನ ಬೆನ್ನುರೆಕ್ಕೆಯ ಆಕಾರದ್ದು. ಈ ಕಡ್ಡಿ ಎಷ್ಟುದ್ದ ಇರಬೇಕು ಎಂಬುದು ರೇಡಿಯೊದ ಮೇಲೆ ಮಿನುಗುವ ಸಂಖ್ಯೆಯೊಳಗೇ ಅಡಗಿದೆ. ಬನ್ನಿ, ಒಟ್ಟಿಗೆ ಬಿಡಿಸೋಣ.

ಮೈಸೂರು ಆಕಾಶವಾಣಿಯ ಎಫ್‌ಎಂ ಸಂಖ್ಯೆ 100.6. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದು ಇದೇ ಊರಿನಲ್ಲಿ. 100.6 ಎಂದರೆ ಅಷ್ಟು ಮೆಗಾಹರ್ಟ್ಸ್. ಮೆಗಾ ಎಂದರೆ ಹತ್ತು ಲಕ್ಷ. ಅಲ್ಲಿಗೆ, ನಿಲಯದ ಗೋಪುರದಿಂದ ಹೊರಡುವ ರೇಡಿಯೊ ಅಲೆ ಒಂದು ಸೆಕೆಂಡಿನಲ್ಲಿ ಸುಮಾರು ಹತ್ತು ಕೋಟಿ ಸಲ ಏರಿ ಇಳಿಯುತ್ತದೆ!

ಅದೇ ಒಂದು ಸೆಕೆಂಡಿನಲ್ಲಿ ಅಲೆ 3 ಲಕ್ಷ ಕಿಲೋಮೀಟರ್ ಓಡಿರುತ್ತದೆ, ಬೆಳಕಿನಷ್ಟೇ ವೇಗವಾಗಿ. ಅಷ್ಟು ದೂರದಲ್ಲಿ ಹತ್ತು ಕೋಟಿ ಏರಿಳಿತಗಳು ಸಾಲಾಗಿ ಹರಡಿಕೊಂಡಿವೆ. ಭಾಗಾಕಾರ ಮಾಡಿ ನೋಡಿ. ಒಂದೊಂದಕ್ಕೂ ಸಿಗುವ ಜಾಗ 3 ಮೀಟರ್. ಕಣ್ಣಿಗೇ ಕಾಣದ ಅಲೆಯ ಉದ್ದವನ್ನು ನೀವು ನೋಟ್‌ಬುಕ್ಕಿನಲ್ಲೇ ಅಳೆದುಬಿಟ್ಟಿರಿ.

ಈಗ ಕಡ್ಡಿಯ ಹತ್ತಿರ ಬರೋಣ. ಲೋಹದೊಳಗೆ ಎಲೆಕ್ಟ್ರಾನ್ ಎಂಬ ಬಹಳ ಪುಟ್ಟ ಕಣಗಳು ಲೆಕ್ಕವಿಲ್ಲದಷ್ಟಿವೆ, ಅವು ಅತ್ತಿತ್ತ ಸರಿದಾಡಬಲ್ಲವು. ರೇಡಿಯೊ ಅಲೆ ಬಂದು ತಾಕಿದಾಗ ಅವನ್ನು ಕಡ್ಡಿಯಲ್ಲಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ತಳ್ಳುತ್ತದೆ. ಈ ಓಡಾಟವೇ ಒಂದು ಸಣ್ಣ ವಿದ್ಯುತ್ತು. ಅದು ಕೇಬಲ್ಲಿನಲ್ಲಿ ಇಳಿದು ರೇಡಿಯೊ ಮುಟ್ಟುತ್ತದೆ.

ಎಷ್ಟುದ್ದದ ಕಡ್ಡಿಯಾದರೂ ಆದೀತೇ? ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಹಗ್ಗ ಉದ್ದವಾದಷ್ಟೂ ಅದು ನಿಧಾನವಾಗಿ ತೂಗುತ್ತದೆ, ಗಿಡ್ಡವಾದರೆ ಬೇಗಬೇಗ. ಅದರ ಲಯ ಹಿಡಿದು ತಳ್ಳಿದರೆ ಮೆಲ್ಲಗೆ ತಳ್ಳಿದರೂ ಸಾಕು, ಜೋಕಾಲಿ ಎತ್ತರಕ್ಕೆ ಹೋಗುತ್ತದೆ. ಕಡ್ಡಿಯೊಳಗಿನ ಎಲೆಕ್ಟ್ರಾನ್‌ಗಳಿಗೂ ಹೀಗೇ ಒಂದು ಲಯವಿದೆ, ಅದನ್ನು ಕಡ್ಡಿಯ ಉದ್ದ ಗೊತ್ತುಮಾಡುತ್ತದೆ. ಅಲೆಯ ಉದ್ದದ ಕಾಲುಭಾಗದಷ್ಟು ಕಡ್ಡಿಯಿದ್ದರೆ ಎರಡರ ಲಯವೂ ಕೂಡಿಬರುತ್ತದೆ. 3 ಮೀಟರಿನ ಕಾಲುಭಾಗ 75 ಸೆಂಟಿಮೀಟರ್. ನಿಮ್ಮ ಶಾಲೆಯ ಸ್ಕೇಲಿನಲ್ಲಿ ಎರಡೂವರೆ ಸ್ಕೇಲು.

ಆದರೆ ಈ ಕಾಲುಭಾಗದ ಕಡ್ಡಿಗೆ ಒಬ್ಬ ಜೊತೆಗಾರ ಬೇಕು. ಎಲೆಕ್ಟ್ರಾನ್‌ಗಳು ಕಡ್ಡಿಯ ತುದಿಗೆ ಏರಿದಾಗ ಬುಡದ ಆಚೆಯಿಂದಲೂ ಒಂದಷ್ಟು ಬಂದು ಸೇರಬೇಕು, ಇಳಿದಾಗ ಅತ್ತ ಹರಡಿಕೊಳ್ಳಬೇಕು. ಕಾರಿನ ಅಗಲವಾದ ಲೋಹದ ಚಾವಣಿ ಆ ಜೊತೆಗಾರ. ಅದಕ್ಕೇ ಕಡ್ಡಿ ನೆಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ಚಾವಣಿಯ ನಡುಮಧ್ಯ. ಸುತ್ತಲೂ ಲೋಹ ಸಮನಾಗಿ ಹರಡಿರುವುದರಿಂದ ಅದು ಎಲ್ಲ ದಿಕ್ಕಿಗೂ ಸಮನಾಗಿ ಕಿವಿಗೊಡುತ್ತದೆ. ಮೂಲೆಯಲ್ಲಿ ನೆಟ್ಟರೆ ಒಂದು ದಿಕ್ಕಿಗೆ ಚುರುಕು, ಇನ್ನೊಂದಕ್ಕೆ ಮಂದ.

ಮಧ್ಯಮ ತರಂಗದ ಬೆಂಗಳೂರು ನಿಲಯವನ್ನು ಕೇಳಬೇಕಾದರೆ? ಅದರದು 612 ಕಿಲೋಹರ್ಟ್ಸ್, ಅಲೆಯ ಉದ್ದ ಸುಮಾರು 490 ಮೀಟರ್. ಕಾಲುಭಾಗವೇ 120 ಮೀಟರ್ ದಾಟುತ್ತದೆ! ಅಷ್ಟುದ್ದದ ಕಡ್ಡಿಯನ್ನು ಯಾವ ಕಾರೂ ಹೊರಲಾರದು. ಹಾಗಾಗಿ ಗಿಡ್ಡ ಕಡ್ಡಿಗೆ ಸಿಕ್ಕಷ್ಟನ್ನೇ ರೇಡಿಯೊ ಹಿಗ್ಗಿಸಿಕೊಳ್ಳುತ್ತದೆ.

ಗೇಣುದ್ದದ ಕಪ್ಪು ಕಡ್ಡಿಯಲ್ಲೂ ಒಂದು ಜಾಣತನವಿದೆ. ಅದರೊಳಗೆ ಉದ್ದನೆಯ ತಂತಿಯನ್ನು ಸುರುಳಿ ಸುತ್ತಿಟ್ಟಿರುತ್ತಾರೆ, ಹಾಗಾಗಿ ಲಯ ತಪ್ಪುವುದಿಲ್ಲ. ಆದರೂ ಗಿಡ್ಡ ಕಡ್ಡಿ ಹಿಡಿಯುವುದು ಕಡಿಮೆಯೇ. ನಿಲಯದ ಹತ್ತಿರದ ಪಟ್ಟಣದಲ್ಲಿ ಓಡಾಡುವ ಕಾರಿಗೆ ಅದು ಸಾಕು. ದೂರದ ಹಳ್ಳಿಗಳ ದಾರಿಯಲ್ಲಿ ಓಡುವ ಗಾಡಿಗೆ ಮಾತ್ರ ಉದ್ದನೆಯ ಕಡ್ಡಿಯೇ ಮೇಲು ಎನ್ನುತ್ತೇನೆ ನಾನು.

ಆಂಟೆನಾ ಕೂರಿಸುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕಡ್ಡಿ ನೆಡಲು ಚಾವಣಿಯಲ್ಲಿ ಕೊರೆದ ತೂತಿನ ಒಳಬದಿಯ ಬಣ್ಣವನ್ನು ಮೆಕ್ಯಾನಿಕ್ ಕೆರೆದು ತೆಗೆಯುತ್ತಾರೆ. ಬಣ್ಣದ ಮೂಲಕ ವಿದ್ಯುತ್ತು ಹರಿಯುವುದಿಲ್ಲವಲ್ಲ, ಚಾವಣಿಯೂ ಆಂಟೆನಾದ ಬುಡವೂ ಲೋಹಕ್ಕೆ ಲೋಹ ತಾಗಿ ಕೂರಬೇಕು. ಮೇಲೆ ರಬ್ಬರ್ ವಾಷರ್, ಮಳೆನೀರು ಇಳಿಯದಂತೆ. ಕೇಬಲ್ಲಿನ ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಪ್ಲಾಸ್ಟಿಕ್, ಅದರ ಮೇಲೆ ತಂತಿಯ ಹೆಣಿಗೆ. ಬಾಗಿಲಿಗೆ ಸಿಕ್ಕಿ ಜಜ್ಜಿಹೋದರೆ ಹೆಣಿಗೆ ನಡುತಂತಿಗೆ ತಾಗಿ ಹಾಡು ಅಲ್ಲೇ ಇಂಗಿಹೋಗುತ್ತದೆ.

ಕೇಬಲ್ಲನ್ನು ಎಂಜಿನ್ನಿನ ವೈರುಗಳಿಂದ ದೂರ ಒಯ್ಯುತ್ತಾರೆ. ಇದರ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಸಂಗತಿಯಿದೆ. 1880ರ ದಶಕದಲ್ಲಿ ಜರ್ಮನಿಯ ಹೈನ್ರಿಚ್ ಹರ್ಟ್ಸ್ ರೇಡಿಯೊ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದು ವಿದ್ಯುತ್ ಕಿಡಿಗಳಿಂದ. ಮೆಗಾಹರ್ಟ್ಸ್‌ನಲ್ಲಿರುವುದು ಅವರದೇ ಹೆಸರು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನಲ್ಲೂ ಅಂಥದೇ ಕಿಡಿ ಮತ್ತೆ ಮತ್ತೆ ಹಾರುತ್ತದೆ, ಅದರಿಂದಲೂ ರೇಡಿಯೊ ಅಲೆ ಹೊಮ್ಮುತ್ತದೆ! ಅದು ಕೇಬಲ್ಲಿಗೆ ನುಸುಳಿದರೆ ಹಾಡಿನ ಜೊತೆ ಟರಟರ ಸದ್ದೂ ಕೇಳುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಆ ಸದ್ದು ಬಿರುಸಾದರೆ, ತಪ್ಪು ನಿಲಯದ್ದಲ್ಲ, ಎಂಜಿನ್ನಿನದು ಎಂದು ತಿಳಿಯಿರಿ.

ಎಲ್ಲ ಸರಿಯಾಗಿ ಕೂರಿಸಿದ ಮೇಲೂ ಕಟ್ಟಡಗಳ ನಡುವೆ ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೊಮ್ಮೆ ಹಾಡು ಬರ್‍ರೆಂದು ಮಾಸುತ್ತದೆ. ನೇರವಾಗಿ ಬಂದ ಅಲೆಯೂ ಕಟ್ಟಡಕ್ಕೆ ಬಡಿದು ಮರಳಿದ ಅಲೆಯೂ ಅಲ್ಲಿ ಕೂಡುತ್ತವೆ. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕಾರು ತುಸು ಮುಂದೆ ಸರಿದರೆ ಹಾಡು ಮತ್ತೆ ಹಾಜರು. ಎಷ್ಟು ಸರಿದಾಗ ಮರಳಿತು ಎಂದು ಒಳಗೆ ಕೂತೇ ಅಂದಾಜು ಮಾಡಿ. ಎದುರಿನ ಕಟ್ಟಡಕ್ಕೆ ಬಡಿದು ಬಂದ ಅಲೆಯಾದರೆ, ಹಾಡು ಅಳಿಸಿದ ಜಾಗಕ್ಕೂ ಚೆನ್ನಾಗಿ ಕೇಳುವ ಜಾಗಕ್ಕೂ ನಡುವೆ ಇರುವುದು ಅಲೆಯ ಕಾಲುಭಾಗ, ಅದೇ ಎರಡೂವರೆ ಸ್ಕೇಲು.