ಕುಡುಗೋಲಿನ ಹದ



ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಕೂಡುವುದನ್ನು ತಾವು ಬಲ್ಲಿರಿ. ಎತ್ತುಗಳನ್ನು ನೋಡಲು ಹೋದ ತಾವು, ಕುಡುಗೋಲು, ಕೊಡಲಿ, ಈಳಿಗೆಗಳನ್ನು ಹರವಿಕೊಂಡು ಕುಳಿತ ಕಮ್ಮಾರರ ಮುಂದೆಯೂ ಒಂದು ಗಳಿಗೆ ನಿಂತಿದ್ದೀರಾ? ತಿಕೋಟಾ, ಬಬಲೇಶ್ವರಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಕೊಯ್ಲು ಸಮೀಪಿಸುವ ಕಾಲವದು.

‘ಕುಡು’ ಎಂದರೆ ಬಾಗಿದ್ದು; ಬಾಗಿದ ಕೋಲೇ ಕುಡುಗೋಲು. ತರಗತಿಯಲ್ಲಿ ಇದನ್ನು ವರ್ಷವರ್ಷವೂ ಹೇಳಿದ ನಾನು ಅದರ ಹದವನ್ನು ಕಲಿತದ್ದು ಜಾತ್ರೆಯಲ್ಲಿ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ ಬಡಿದು, ಕೆಂಪಗಿರುವಾಗಲೇ ನೀರಿಗೆ ಅದ್ದಿದರೆ ಅಲಗು ಗಡುಸಾಗುತ್ತದೆ. ಆದರೆ ಪೆಟ್ಟು ಬಿದ್ದರೆ ಗಾಜಿನಂತೆ ಮುರಿಯುತ್ತದೆ. ಆದ್ದರಿಂದ ಮತ್ತೊಮ್ಮೆ ಮೆಲ್ಲಗೆ ಕಾಸಬೇಕು. ಉಜ್ಜಿದ ಮೈಯ ಮೇಲೆ ಒಣಕಣಿಕೆಯ ಬಣ್ಣ ಮೂಡಿದೊಡನೆ ನಿಲ್ಲಿಸಬೇಕು.

“ಬಣ್ಣ ದಾಟಿತಂದ್ರ ಕೆಲಸ ಕೆಟ್ಟಿತ್ರಿ, ಸರ” ಎಂದ ಕಮ್ಮಾರ.

ಹತ್ತು ರೂಪಾಯಿ ಇಳಿಸೆಂದು ನಾನು ಹಟ ಹಿಡಿದೆ. ಇಳಿಸಿದ. ಆಮೇಲೆ ನಕ್ಕು, “ನಿಮ್ಮ ಕೈಯಾಗ ಕಲತಾಂವರಿ ನಾ” ಎಂದ. ಅವನ ಹೆಸರು ನನಗೆ ನೆನಪಾಗಲಿಲ್ಲ.

ನಮ್ಮೂರಿನ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಹಮ್ಮದ್ ರೂಮಿಯ ಹೆಸರು ಅದರ ಮೈಮೇಲೆಯೇ ಇದೆ. ತೋಪಿನ ಕರ್ತೃವನ್ನು ಬಲ್ಲ ನಾವು, ಅನ್ನ ಕೊಯ್ಯುವ ಕುಡುಗೋಲಿನ ಕರ್ತೃ ಯಾರೆಂದು ಕೇಳುವುದಿಲ್ಲ. ಅಂದು ನಾಚುತ್ತಲೇ ಕೇಳಿದೆ. ಹತ್ತು ರೂಪಾಯಿಯನ್ನೂ ಅವನ ಕೈಗಿಟ್ಟೆ.

ಮುಂದಿನ ಜಾತ್ರೆಯಲ್ಲಿ ತಾವೂ ಬೆಲೆಗಿಂತ ಮೊದಲು ಹೆಸರು ಕೇಳಿರಿ.