ಕಾವುಪೆಟ್ಟಿಗೆಯೂ ಕಾವುಕೋಳಿಯೂ



ಮಲೆನಾಡಿನ ಮನೆಗಳಲ್ಲಿ ಕೋಳಿ ಸಾಕಣೆ ಹೊಸ ವಿದ್ಯೆಯೇನಲ್ಲ. ಬುಟ್ಟಿಗೆ ಒಣಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಯಿಟ್ಟು, ಹೇಂಟೆಯನ್ನು ಕತ್ತಲೆ ಮೂಲೆಯಲ್ಲಿ ಕಾವಿಗೆ ಕೂರಿಸುವ ಕ್ರಮ ಪ್ರತಿ ಮನೆಯ ಹಿರಿಯ ಹೆಂಗಸಿಗೂ ತಿಳಿದದ್ದೇ. ಈಗ ಆ ಮೂಲೆಗೆ ಇನ್ನೊಂದು ವಸ್ತು ಬಂದು ಕುಳಿತಿದೆ. ಥರ್ಮೋಕೋಲ್ ಪೆಟ್ಟಿಗೆ, ಎರಡು ಬಲ್ಬು, ಒಂದು ಚಿಕ್ಕ ಫ್ಯಾನು, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್: ಇಷ್ಟು ಸೇರಿದರೆ ಇನ್‌ಕ್ಯುಬೇಟರ್, ಅಂದರೆ ಕಾವುಪೆಟ್ಟಿಗೆ. ಈ ಪೆಟ್ಟಿಗೆಯನ್ನು ನಡೆಸುವುದು ಹೇಗೆ ಎಂಬುದು ಒಂದು ಪ್ರಶ್ನೆ. ಪೆಟ್ಟಿಗೆ ಬಂದ ಮೇಲೆ ಕಾವುಕೋಳಿಯ ಗತಿಯೇನು ಎಂಬುದು ಇನ್ನೊಂದು ಪ್ರಶ್ನೆ. ಎರಡನೆಯದನ್ನು ಕೇಳದೆ ಮೊದಲನೆಯದಕ್ಕೆ ಉತ್ತರ ಹೇಳಿದರೆ ಅದು ಅರ್ಧ ಉತ್ತರವಾಗುತ್ತದೆ.

ಪೆಟ್ಟಿಗೆ ಜನರಿಗೆ ಬೇಕಾದದ್ದು ಏಕೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಾಟಿ ಹೇಂಟೆ ಒಂದು ಸರದಿಯಲ್ಲಿ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ; ಬಳಿಕ ಮರಿ ಸಾಕುವ ಕೆಲಸ ಎರಡು ತಿಂಗಳಿಗೂ ಹೆಚ್ಚು. ಅಷ್ಟು ಕಾಲ ಅದು ಮೊಟ್ಟೆಯಿಡುವುದಿಲ್ಲ. ಹೀಗಾಗಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕರೆ ಹೆಚ್ಚು. ಮಳೆಗಾಲದಲ್ಲಿ ಕೊಟ್ಟಿಗೆಯ ತೇವಕ್ಕೆ ಮೊಟ್ಟೆ ಕೆಡುತ್ತದೆ, ಹೊರಬಂದ ಮರಿಯನ್ನು ಹದ್ದು, ಮುಂಗುಸಿ, ಕಾಡುಬೆಕ್ಕು ಒಯ್ಯುತ್ತವೆ. ಕೋಳಿಯ ಆದಾಯ ಬಹುತೇಕ ಮನೆಗಳಲ್ಲಿ ಹೆಂಗಸರ ಕೈಗೆ ಬರುವ ಸ್ವಂತ ಹಣ. ಮೊಟ್ಟೆಯನ್ನು ಪೆಟ್ಟಿಗೆಗೆ ಹಾಕಿದರೆ ಹೇಂಟೆ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ ಎಂಬ ಲೆಕ್ಕ ಸುಳ್ಳಲ್ಲ.

ಆದರೆ ಕಾವುಕೋಳಿ ಮಾಡುವ ಕೆಲಸ ಒಂದಲ್ಲ, ನಾಲ್ಕು. ಅದು ಶಾಖ ಕೊಡುತ್ತದೆ, ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸುತ್ತದೆ, ತೇವವನ್ನು ಹದದಲ್ಲಿಡುತ್ತದೆ, ದಿನಕ್ಕೊಮ್ಮೆ ಮೇವಿಗೆ ಎದ್ದುಹೋಗಿ ಮೊಟ್ಟೆಗೆ ಗಾಳಿಯಾಡಲು ಬಿಡುತ್ತದೆ. ಪೆಟ್ಟಿಗೆಯ ಬಲ್ಬು ಮಾಡುವುದು ಮೊದಲನೆಯ ಕೆಲಸ ಮಾತ್ರ. ಉಳಿದ ಮೂರು ಮನುಷ್ಯನ ಪಾಲಿಗೆ ಬರುತ್ತವೆ.

ಕೆಲಸ ಮೊಟ್ಟೆಯ ಆಯ್ಕೆಯಿಂದಲೇ ಆರಂಭವಾಗುತ್ತದೆ. ಹುಂಜದೊಂದಿಗೆ ತಿರುಗಾಡುವ ಹೇಂಟೆಯ ಮೊಟ್ಟೆಯೇ ಆಗಬೇಕು. ಇಟ್ಟು ಏಳು ದಿನ ಮೀರಿರಬಾರದು. ಅಲ್ಲಿಯವರೆಗೆ ತಂಪಾದ ಜಾಗದಲ್ಲಿ ಚೂಪು ತುದಿ ಕೆಳಗಾಗಿ ಇಡಬೇಕು; ಫ್ರಿಜ್ಜಿನಲ್ಲಿ ಇಡಬಾರದು. ಮೊಟ್ಟೆಯನ್ನು ತೊಳೆಯಲೂಬಾರದು. ಚಿಪ್ಪಿನ ಮೇಲಿನ ತೆಳುವಾದ ಪೊರೆ ರೋಗಾಣುಗಳನ್ನು ತಡೆಯುತ್ತದೆ, ತೊಳೆದರೆ ಅದು ಹೋಗುತ್ತದೆ. ಬಿರುಕುಬಿಟ್ಟದ್ದು, ತೀರ ದೊಡ್ಡದು, ತೀರ ಚಿಕ್ಕದು ಅಡುಗೆಮನೆಗೆ ಹೋಗಲಿ.

ಶಾಖದ ಅಳತೆ ನಿಖರವಾಗಿರಬೇಕು. ಫ್ಯಾನು ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಸಾಕು. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಮೇಲಿನ ಗಾಳಿ ಬಿಸಿ, ಕೆಳಗಿನದು ತಂಪು. ಅಲ್ಲಿ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಸುಮಾರು 38.5 ಡಿಗ್ರಿ ಇರಬೇಕು. ಮೊಟ್ಟೆಯಿಡುವ ಮೊದಲು ಒಂದು ದಿನ ಪೆಟ್ಟಿಗೆಯನ್ನು ಖಾಲಿ ನಡೆಸಿ ಶಾಖ ನಿಲ್ಲುತ್ತದೆಯೇ ಎಂದು ನೋಡುವುದು ಜಾಣತನ. ಸ್ವಲ್ಪ ಹೊತ್ತಿನ ತಂಪನ್ನು ಭ್ರೂಣ ತಾಳುತ್ತದೆ. ಕಾವುಕೋಳಿಯೂ ದಿನಕ್ಕೊಮ್ಮೆ ಎದ್ದುಹೋಗುತ್ತದಲ್ಲವೇ? ಹೆಚ್ಚಿನ ಬಿಸಿಯನ್ನು ಮಾತ್ರ ಅದು ತಾಳದು. 40 ಡಿಗ್ರಿ ದಾಟಿ ಕೆಲವು ಗಂಟೆ ಕಳೆದರೆ ಪೆಟ್ಟಿಗೆಯಷ್ಟೂ ಹಾಳಾಗಬಹುದು.

ಆದ್ದರಿಂದ ಕರೆಂಟು ಹೋದಾಗ ಗಾಬರಿಯಾಗಬೇಕಿಲ್ಲ. ಪೆಟ್ಟಿಗೆ ತೆರೆಯದೆ, ಗಾಳಿರಂಧ್ರ ಪೂರ್ತಿ ಮುಚ್ಚಿಹೋಗದಂತೆ ಕಂಬಳಿ ಹೊದಿಸಬೇಕು. ತಡವಾದರೆ ಬಿಸಿನೀರು ತುಂಬಿದ ಬಾಟಲಿಗಳನ್ನು ಒಳಗಿಡಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆಯಲ್ಲಿರುವ ಊರುಗಳಿಗೆ ಇಷ್ಟು ಸಾಲದು. ಬ್ಯಾಟರಿಯೋ ಸೌರಫಲಕವೋ ಇಲ್ಲದೆ ಅಂಥ ಊರಿನಲ್ಲಿ ಜೂನ್, ಜುಲೈ ತಿಂಗಳಲ್ಲಿ ಪೆಟ್ಟಿಗೆಯನ್ನೇ ನಂಬಿ ಕೂರುವುದು ವಿವೇಕವಲ್ಲ.

ತೇವದ ವಿಷಯದಲ್ಲಿ ಮಲೆನಾಡಿಗರು ತಪ್ಪುವುದು ಸಹಜ. ಹೊರಗೆ ಜಡಿಮಳೆ ಇರುವಾಗ ಪೆಟ್ಟಿಗೆಯೊಳಗೆ ನೀರೇಕೆ ಎಂದು ಅನಿಸುತ್ತದೆ. ಲೆಕ್ಕ ಬೇರೆಯೇ ಇದೆ. ಹೊರಗಿನ ಗಾಳಿ 22 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 90 ಇದ್ದರೂ, ಅದೇ ಗಾಳಿ 37.5 ಡಿಗ್ರಿಗೆ ಬಿಸಿಯಾದಾಗ ಆರ್ದ್ರತೆ ಶೇಕಡಾ 37ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಗಾಳಿಗೆ ನೀರಾವಿ ಹಿಡಿದುಕೊಳ್ಳುವ ಶಕ್ತಿ ಹೆಚ್ಚು ಎಂಬುದೇ ಇದಕ್ಕೆ ಕಾರಣ. ಪುಷ್ಯ ಮಾಸದ ಚಳಿಯ ಗಾಳಿಯಾದರೆ ಇನ್ನೂ ಒಣಗುತ್ತದೆ. ಮೊದಲ 18 ದಿನ ಶೇಕಡಾ 50ರಿಂದ 55, ಕೊನೆಯ ಮೂರು ದಿನ ಶೇಕಡಾ 65ರಿಂದ 70 ಇರಬೇಕೆಂಬುದು ಸಾಮಾನ್ಯ ನಿಯಮ. ಅಗಲಬಾಯಿಯ ತಟ್ಟೆಯಲ್ಲಿ ನೀರಿಟ್ಟು ಇದನ್ನು ಸಾಧಿಸಬಹುದು. ತಟ್ಟೆಯ ಆಳಕ್ಕಿಂತ ಅಗಲ ಮುಖ್ಯ.

ತೇವ ಸರಿಯಿದೆಯೇ ಎಂಬುದನ್ನು ತಿಳಿಯಲು ತಕ್ಕಡಿಯೇ ಸಾಕು. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತ, ಹದಿನೆಂಟನೆಯ ದಿನಕ್ಕೆ ಮೊಟ್ಟೆ ತನ್ನ ತೂಕದ ಶೇಕಡಾ 12ರಷ್ಟನ್ನು ಕಳೆದುಕೊಂಡಿರಬೇಕು. ಹತ್ತು ಮೊಟ್ಟೆಯ ತೂಕ ಮೊದಲ ದಿನ 400 ಗ್ರಾಂ ಇದ್ದರೆ ಅಂದು ಸುಮಾರು 350 ಗ್ರಾಂ ಆಗಿರಬೇಕು. ತೂಕ ಇಳಿಯದಿದ್ದರೆ ಒಳಗಿನ ಗಾಳಿಗೂಡು ಕಿರಿದಾಗಿ ಮರಿಗೆ ಮೊದಲ ಉಸಿರಿಗೆ ಜಾಗವಿರದು. ತೀರ ಇಳಿದರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಶಾಲೆಯ ಮಕ್ಕಳು ಎರಡು ದಿನಕ್ಕೊಮ್ಮೆ ತೂಗಿ ನಕ್ಷೆ ಬರೆದರೆ ಗಣಿತವೂ ವಿಜ್ಞಾನವೂ ಒಟ್ಟಿಗೆ ಬಂದಂತೆ.

ಹೊರಳಿಸುವುದನ್ನು ದಿನಕ್ಕೆ ಮೂರು ಅಥವಾ ಐದು ಬಾರಿ ಮಾಡಬೇಕು. ಬೆಸ ಸಂಖ್ಯೆಯಾದರೆ ರಾತ್ರಿಯ ದೀರ್ಘಾವಧಿಯಲ್ಲಿ ಪ್ರತಿದಿನ ಒಂದೇ ಮಗ್ಗುಲು ಮೇಲಿರುವುದಿಲ್ಲ. ಪೆನ್ಸಿಲಿನಿಂದ ಒಂದು ಬದಿಗೆ ಸೊನ್ನೆ, ಇನ್ನೊಂದಕ್ಕೆ ಗುಣಾಕಾರದ ಗುರುತು ಹಾಕಿದರೆ ಲೆಕ್ಕ ತಪ್ಪದು. ಹೊರಳಿಸದಿದ್ದರೆ ಭ್ರೂಣ ಪೊರೆಗೆ ಅಂಟಿ ಸಾಯುತ್ತದೆ. ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ಜೇಡನಂಥ ರಕ್ತನಾಳದ ಜಾಲ ಕಾಣುತ್ತದೆ. ಏನೂ ಕಾಣದ ತಿಳಿಯಾದ ಮೊಟ್ಟೆಯನ್ನು ತೆಗೆದುಬಿಡಬೇಕು. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ನೀರು ಹೆಚ್ಚಿಸಿ, ಗಾಳಿಯ ರಂಧ್ರಗಳನ್ನು ತೆರೆದಿಟ್ಟು, ಪೆಟ್ಟಿಗೆ ಮುಚ್ಚಬೇಕು.

ಮುಂದೆ ಬೇಕಾದದ್ದು ತಾಳ್ಮೆ. ಇಪ್ಪತ್ತನೆಯ ದಿನದ ಸುಮಾರಿಗೆ ಮರಿ ಗಾಳಿಗೂಡಿಗೆ ಕೊಕ್ಕು ತೂರಿಸಿ ಉಸಿರಾಡಲಾರಂಭಿಸುತ್ತದೆ. ಬಳಿಕ ಚಿಪ್ಪು ಒಡೆಯುತ್ತದೆ. ಮೊದಲ ತೂತಿನಿಂದ ಹೊರಬರುವವರೆಗೆ ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನ ಹಿಡಿಯಬಹುದು. ಕನಿಕರದಿಂದ ಚಿಪ್ಪು ಬಿಡಿಸಿದವರು ಮರಿಯನ್ನು ಕೊಂದಂತೆಯೇ. ಆ ಹೊತ್ತಿನಲ್ಲಿ ರಕ್ತನಾಳಗಳು ಇನ್ನೂ ಆರಿರುವುದಿಲ್ಲ, ಹಳದಿ ಲೋಳೆ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಆ ಲೋಳೆಯೇ ಮರಿಗೆ ಎರಡು ದಿನದ ಬುತ್ತಿ. ಪುಕ್ಕ ಒಣಗಿದ ಮೇಲೆ ಹೊರತೆಗೆದು ಮೊದಲ ವಾರ 35 ಡಿಗ್ರಿ ಶಾಖದಲ್ಲಿರಿಸಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಲಸಿಕೆಯ ಹನಿ ಹಾಕಿಸುವುದನ್ನು ಮರೆಯಬಾರದು.

ಇನ್ನು ಎರಡನೆಯ ಪ್ರಶ್ನೆ. ಕೃತಕ ಕಾವು ಪುರಾತನ ವಿದ್ಯೆ. ಈಜಿಪ್ಟಿನ ಜನ ಎರಡು ಸಾವಿರ ವರ್ಷಗಳ ಹಿಂದೆಯೇ ಮಣ್ಣಿನ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆ ಮರಿ ಮಾಡಿಸುತ್ತಿದ್ದರು. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅಳೆಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ 1749ರಲ್ಲಿ ಇದರ ಬಗ್ಗೆ ಗ್ರಂಥವನ್ನೇ ಪ್ರಕಟಿಸಿ, ಗೊಬ್ಬರದ ರಾಶಿಯ ಬಿಸಿಯಿಂದ ಮರಿ ಮಾಡಿಸುವ ವಿಧಾನವನ್ನು ವಿವರಿಸಿದನು. ಇಪ್ಪತ್ತನೆಯ ಶತಮಾನದ ದೊಡ್ಡ ಯಂತ್ರಗಳು ಬಂದ ಮೇಲೆ ಕಾವಿಗೆ ಕೂರದ ಕೋಳಿಯೇ ಉತ್ತಮ ಕೋಳಿ ಎನಿಸಿಕೊಂಡಿತು. ಇಂದಿನ ವೈಟ್ ಲೆಗ್‌ಹಾರ್ನ್ ಹೇಂಟೆಗೆ ಕಾವಿನ ಬಯಕೆಯೇ ಬಹುಮಟ್ಟಿಗೆ ಅಳಿದಿದೆ. ಯಂತ್ರವಿಲ್ಲದೆ ಅದರ ವಂಶ ಬೆಳೆಯದು.

ಇದು ಹಿತ್ತಲಿನಲ್ಲಿಯೂ ನಡೆಯಬಹುದು. ಕಾವಿಗೆ ಕೂರುವುದು ವಂಶವಾಹಿಯಾಗಿ ಬರುವ ಗುಣ. ಮೊಟ್ಟೆಗಳೆಲ್ಲ ಪೆಟ್ಟಿಗೆಗೇ ಹೋದರೆ, ಕಾವಿಗೆ ಕೂರುವ ಹೇಂಟೆ ಕಡಿಮೆ ಮೊಟ್ಟೆ ಕೊಟ್ಟು ಕಡಿಮೆ ಮರಿಗೆ ತಾಯಿಯಾಗುತ್ತದೆ. ಕೂರದ ಹೇಂಟೆ ಹೆಚ್ಚು ಮರಿಗೆ ತಾಯಿಯಾಗುತ್ತದೆ. ಯಾರೂ ಬಯಸದೆಯೇ ತಳಿ ಬದಲಾಗುತ್ತ ಹೋಗುತ್ತದೆ. ಕೋಳಿಗೆ ಒಂದು ತಲೆಮಾರು ಎಂದರೆ ಒಂದು ವರ್ಷದ ಮಾತು. ಮಗಳು ಶಾಲೆ ಮುಗಿಸುವಷ್ಟರಲ್ಲಿ ಕೋಳಿಗಳ ಹತ್ತಾರು ತಲೆಮಾರು ಉರುಳಿರುತ್ತವೆ. ಕರೆಂಟಿಲ್ಲದೆ, ಖರ್ಚಿಲ್ಲದೆ, ತನ್ನ ಸಂತಾನವನ್ನು ತಾನೇ ಮುಂದುವರಿಸುವ ಕೋಳಿಯೇ ಬಡವರ ಆಸ್ತಿ. ಅದು ಹೋದ ಮೇಲೆ ಪ್ರತಿ ಮರಿಗೂ ಪೇಟೆಯ ದಾರಿ ನೋಡಬೇಕಾದೀತು. ಗಿರಿರಾಜ, ವನರಾಜದಂಥ ಮಿಶ್ರತಳಿಗಳು ಮಾಂಸಕ್ಕೂ ಮೊಟ್ಟೆಗೂ ಉಪಯುಕ್ತವೇ. ಆದರೆ ಅವುಗಳ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸಿದರೆ ತಾಯಿಯ ಗುಣ ಮರಿಗಳಲ್ಲಿ ಒಂದೇ ಸಮನಾಗಿ ಬರುವುದಿಲ್ಲ.

ಹಾಗೆಂದು ಪೆಟ್ಟಿಗೆಯನ್ನು ಹೊರಗೆಸೆಯಬೇಕಿಲ್ಲ. ಎರಡನ್ನೂ ಜೊತೆಗೂಡಿಸುವ ದಾರಿಯಿದೆ. ಒಂದು: ಪೆಟ್ಟಿಗೆಗೆ ಮೊಟ್ಟೆಯಿಡುವ ದಿನವೇ ಒಂದು ಹೇಂಟೆಯನ್ನೂ ಅದರದೇ ಮೊಟ್ಟೆಗಳ ಮೇಲೆ ಕೂರಿಸುವುದು. ಎರಡೂ ಕಡೆ ಒಂದೇ ದಿನ ಮರಿಯಾಗುತ್ತದೆ. ಪೆಟ್ಟಿಗೆಯ ಕೆಲವು ಮರಿಗಳನ್ನು ರಾತ್ರಿಯ ಕತ್ತಲೆಯಲ್ಲಿ ಮೆಲ್ಲನೆ ಅದರ ರೆಕ್ಕೆಯಡಿ ಸೇರಿಸಿದರೆ ತಾಯಿ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಹದ್ದು ಕಂಡಾಗ ಅಡಗುವುದನ್ನೂ ಗೆದ್ದಲು ಕೆದಕುವುದನ್ನೂ ಕಲಿಸುವ ಬಲ್ಬು ಎಲ್ಲಿಯೂ ಇಲ್ಲ. ಎರಡು: ಚೆನ್ನಾಗಿ ಕಾವು ಕೂತು ಮರಿಗಳನ್ನು ಉಳಿಸಿಕೊಂಡ ಹೇಂಟೆಯ ಮೊಟ್ಟೆಗೇ ಪೆಟ್ಟಿಗೆಯಲ್ಲಿ ಮೊದಲ ಜಾಗ ಕೊಡುವುದು. ಆಗ ಯಂತ್ರವೇ ಕಾವಿನ ಗುಣವನ್ನು ಹೆಚ್ಚಿಸುತ್ತದೆ. ಮೂರು: ಒಂದೇ ಹುಂಜದ ಸಂತಾನ ಊರೆಲ್ಲ ತುಂಬದಂತೆ, ವರ್ಷಕ್ಕೊಮ್ಮೆ ಪಕ್ಕದ ಊರಿನೊಂದಿಗೆ ಹುಂಜವನ್ನು ಬದಲಾಯಿಸಿಕೊಳ್ಳುವುದು.

ಕಾಡಂಚಿನ ಊರುಗಳ ಯುವಕರಿಗೆ ಇನ್ನೊಂದು ಮಾತು. ಪೆಟ್ಟಿಗೆಯಿದೆಯೆಂದು ಕಾಡುಕೋಳಿಯ ಮೊಟ್ಟೆ ತಂದು ಮರಿ ಮಾಡಿಸುವ ಕುತೂಹಲ ಬೇಡ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಆಗುತ್ತದೆ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ, ಅದರ ಹಳದಿ ಚರ್ಮದ ಗುಣ ಬಂದದ್ದು ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಲೋಕದ ಹಿತ್ತಲುಗಳಿಗೆ ಇಂಥ ಕೊಡುಗೆ ಕೊಟ್ಟ ಹಕ್ಕಿ ಪೊದೆಯ ಬುಡದಲ್ಲಿ ತನ್ನ ಪಾಡಿಗೆ ಕಾವು ಕೂರಲಿ.

ಪೆಟ್ಟಿಗೆ ಕೊಳ್ಳುವ ಮನೆ ಒಂದು ನೋಟ್‌ಪುಸ್ತಕವನ್ನೂ ಕೊಳ್ಳಲಿ. ಯಾವ ಹೇಂಟೆಯ ಎಷ್ಟು ಮೊಟ್ಟೆ ಇಟ್ಟದ್ದು, ಎಷ್ಟು ಮರಿಯಾದದ್ದು, ಅವುಗಳಲ್ಲಿ ದೊಡ್ಡವಾಗಿ ಕಾವಿಗೆ ಕೂತವು ಎಷ್ಟು ಎಂಬುದನ್ನು ಬರೆದಿಡಲಿ. ಮೂರನೆಯ ಅಂಕಣ ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತ ಬಂದರೆ, ಮರಿಗಳ ಸಂಖ್ಯೆ ಎಷ್ಟೇ ಇದ್ದರೂ ಆ ಮನೆ ತನ್ನ ತಳಿಯನ್ನು ಕಳೆದುಕೊಳ್ಳುತ್ತಿದೆ ಎಂದೇ ತಿಳಿಯಬೇಕು.