ಘಾಟಿ ಇಳಿಯುವ ಗಾಡಿಗೆ ಎಂಥ ಬ್ರೇಕು?



ಮಣ್ಣು, ಬೆಳೆಗಳ ಕುರಿತು ಮಾತನಾಡಬೇಕಾದ ನಾನು ಇಂದು ಕಾರಿನ ಬ್ರೇಕಿನ ವಿಷಯವನ್ನು ಎತ್ತಿಕೊಂಡಿರುವುದು ತಮಗೆ ಸೋಜಿಗವೆನಿಸಬಹುದು. ಕಳೆದ ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ಇಳಿಯುವಾಗ ನನ್ನ ಕಾರಿನ ಚಕ್ರಗಳಿಂದ ಸುಟ್ಟ ವಾಸನೆ ಬಂದಿತು. ಬ್ರೇಕಿನ ಪೆಡಲು ಮೆತ್ತಗಾಗಿ, ಒತ್ತಿದಷ್ಟೂ ಕೆಳಗಿಳಿಯಿತು. ಗೇರನ್ನು ಇಳಿಸಿ, ಕೈಬ್ರೇಕಿನ ನೆರವಿನಿಂದ ಹೇಗೋ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅಗ್ಗವೆಂದು ಹೆಸರಿಲ್ಲದ ಪ್ಯಾಡನ್ನು ಹಾಕಿಸಿದ್ದೂ, ಬ್ರೇಕ್ ಆಯಿಲನ್ನು ನಾಲ್ಕು ವರ್ಷ ಬದಲಿಸದೆ ಬಿಟ್ಟಿದ್ದೂ ನನ್ನದೇ ತಪ್ಪು.

1200 ಕಿಲೋ ತೂಕದ ಗಾಡಿ 500 ಮೀಟರ್ ಎತ್ತರವನ್ನು ಬ್ರೇಕಿನಿಂದಲೇ ಇಳಿದರೆ ಹುಟ್ಟುವ ಶಾಖವು ಸುಮಾರು 18 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ಒಯ್ಯಬಲ್ಲದು. ಅದನ್ನು ತಾಳಿಕೊಳ್ಳುವ ಪ್ಯಾಡನ್ನೇ ಆರಿಸಬೇಕು. ಮೆದುವಾದ ಸಾವಯವ ಪ್ಯಾಡು ಸದ್ದು ಮಾಡದು, ಆದರೆ ಕಾದಾಗ ಬೇಗ ಹಿಡಿತ ಕಳೆದುಕೊಳ್ಳುತ್ತದೆ. ಅರೆಲೋಹದ ಪ್ಯಾಡು ಶಾಖವನ್ನು ತಾಳುತ್ತದೆ, ಡಿಸ್ಕನ್ನು ತುಸು ಹೆಚ್ಚು ಸವೆಸುತ್ತದೆ. ಸೆರಾಮಿಕ್ ಪ್ಯಾಡು ಧೂಳು ಕಡಿಮೆ ಬಿಡುತ್ತದೆ, ಬೆಲೆ ಹೆಚ್ಚು. ಯಾವುದೇ ಆದರೂ ಕಲ್ನಾರು ಇಲ್ಲದ್ದೆಂದು ಪೊಟ್ಟಣದ ಮೇಲೆ ನಮೂದಾಗಿರಲಿ. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಬ್ರೇಕಿನ ಧೂಳನ್ನು ಗಾಳಿಯೂದಿ ಹಾರಿಸಬೇಡಿರೆಂದು ಗ್ಯಾರೇಜಿನ ಹುಡುಗರಿಗೂ ತಿಳಿಹೇಳಿರಿ.

ಪ್ಯಾಡಿನ ಪದರವು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸಿರಿ, ಎಡಬಲ ಎರಡನ್ನೂ ಒಟ್ಟಿಗೆ. ಡಿಸ್ಕಿಗೆ ಇರಲೇಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾದ, ಬಿರುಕುಬಿಟ್ಟ ಡಿಸ್ಕನ್ನು ಹೊಸ ಪ್ಯಾಡು ಉಳಿಸಲಾರದು. ಮಳೆಗೆ ಕೂತ ಮೇಲ್ದುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಗುಂಡಿಬಿದ್ದ ತುಕ್ಕು ಹೋಗದು. ಹೊಸ ಪ್ಯಾಡನ್ನು ಮೊದಲ ಕೆಲವು ನೂರು ಕಿಲೋಮೀಟರು ಸಮತಟ್ಟಿನಲ್ಲಿ ಪಳಗಿಸಿ, ಅನಂತರವೇ ಘಾಟಿಗೆ ಇಳಿಯುವುದು ಲೇಸು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಂತೆ ಅದರ ಕುದಿಬಿಂದು ಕುಸಿದು, ಕುದಿದ ಆವಿಯಿಂದ ಪೆಡಲು ಮೆತ್ತಗಾಗುತ್ತದೆ. ನಮ್ಮ ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಇನ್ನು ಹೊಳೆಯ ಮಾತು. ಸವೆದ ಪ್ಯಾಡು ಎಲ್ಲಿಗೆ ಹೋಯಿತು? ಧೂಳಾಗಿ ರಸ್ತೆಗೆ, ಮಳೆಯೊಡನೆ ಹಳ್ಳಕ್ಕೆ. ಅನೇಕ ಪ್ಯಾಡುಗಳಲ್ಲಿ ತಾಮ್ರವಿರುತ್ತದೆ. ಕೊಳೆರೋಗಕ್ಕೆ ನಾವು ಸಿಂಪಡಿಸುವ ಮೈಲುತುತ್ತದಲ್ಲಿರುವುದೂ ಅದೇ ತಾಮ್ರ. ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪವಾದರೂ ಸಾಲ್ಮನ್ ಮೀನಿನ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯವು 2010ರಲ್ಲಿ ಕಾಯಿದೆ ಮಾಡಿ, ಪ್ಯಾಡಿನ ತಾಮ್ರವನ್ನು 2021ರಿಂದ ಶೇ. 5ಕ್ಕೂ, 2025ರಿಂದ ಶೇ. 0.5ಕ್ಕೂ ಮಿತಿಗೊಳಿಸಿತು. ಆದುದರಿಂದ ತಾಮ್ರರಹಿತ ಪ್ಯಾಡು ಸಾಧ್ಯವೆಂಬುದು ಸಿದ್ಧವಾಗಿದೆ. ಅಂಗಡಿಯಲ್ಲಿ ಅದನ್ನು ಕೇಳಿರಿ. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ.

ಕಡೆಯದಾಗಿ, ಹತ್ತಿದ ಗೇರಿನಲ್ಲಿಯೇ ಇಳಿಯಿರೆಂಬ ಹಿರಿಯ ಚಾಲಕರ ಮಾತನ್ನು ಮರೆಯದಿರೋಣ. ಎಂಜಿನ್ನು ತಡೆದಷ್ಟು ಪ್ಯಾಡು ಉಳಿಯುತ್ತದೆ, ಹಳ್ಳಕ್ಕೆ ಇಳಿಯುವ ಧೂಳೂ ಕಡಿಮೆಯಾಗುತ್ತದೆ. ಗಾಡಿಯೊಳಗಿನ ಜೀವಗಳಿಗೂ ಹೊಳೆಯೊಳಗಿನ ಜೀವಗಳಿಗೂ ಅದೇ ಕ್ಷೇಮ.